ಮನೆಯ ಹತ್ತಿರವೇ ಒಂದು ಮೇಜು



ಬೆಂಗಳೂರಿನ ಕಂಪೆನಿಯ ಕೆಲಸವನ್ನು ಕಾಸರಗೋಡಿನ ಮನೆಯಲ್ಲೇ ಕೂತು ಮಾಡುವವರು ನಮ್ಮಲ್ಲಿದ್ದಾರೆ. ಆದರೆ ಮಳೆಗಾಲದಲ್ಲಿ ಕರೆಂಟು ಹೋದರೆ ಮೀಟಿಂಗ್ ಅರ್ಧಕ್ಕೇ ನಿಲ್ಲುತ್ತದೆ. ಮನೆಯಲ್ಲಿದ್ದಾರೆಂದರೆ ಬಿಡುವಾಗಿದ್ದಾರೆ ಎಂದೇ ಲೆಕ್ಕ. ಹೆಣ್ಣುಮಕ್ಕಳಿಗಂತೂ ಲ್ಯಾಪ್‌ಟಾಪ್ ಜೊತೆಗೆ ಅಡುಗೆಮನೆಯೂ ಸೇರುತ್ತದೆ.

ಇದಕ್ಕೆ ಒಳ್ಳೆಯ ದಾರಿ ಕೋ-ವರ್ಕಿಂಗ್ ಜಾಗ ಎಂಬುದು ನಮ್ಮ ಅಭಿಪ್ರಾಯ. ಇಂಟರ್ನೆಟ್, ಜನರೇಟರ್, ಮೀಟಿಂಗ್ ಕೋಣೆಯ ಖರ್ಚನ್ನು ಹತ್ತು ಮಂದಿ ಹಂಚಿಕೊಂಡರೆ ಒಬ್ಬರಿಗೇ ಭಾರವಾಗದು. ಪಕ್ಕದಲ್ಲಿ ಕೂತವರಿಂದ ಕಲಿಯಲಿಕ್ಕಿದೆ, ಹೊಸ ಕೆಲಸದ ಸುದ್ದಿಯೂ ಸಿಗುತ್ತದೆ. ಸಂಜೆ ಅಲ್ಲಿಂದ ಹೊರಟರೆ ಅಂದಿನ ಕೆಲಸ ಮುಗಿಯಿತು. ಊಟದ ಹೊತ್ತು ಮನೆಯವರಿಗೆ.

ಕೇರಳ ಸರಕಾರ 2022ರ ಬಜೆಟ್‌ನಲ್ಲೇ ‘ವರ್ಕ್ ನಿಯರ್ ಹೋಮ್’ ಯೋಜನೆಗೆ 50 ಕೋಟಿ ರೂಪಾಯಿ ಘೋಷಿಸಿತ್ತು. ಅಂಥದೊಂದು ನಮ್ಮ ಊರಿಗೂ ಬೇಕೆಂದು ಮುಂದಿನ ಗ್ರಾಮಸಭೆಯಲ್ಲಿ ಕೇಳೋಣ. ಮಕ್ಕಳು ಊರಲ್ಲೇ ಉಳಿಯಬೇಕೆಂದರೆ ಅವರಿಗೆ ಕೂತು ದುಡಿಯಲು ಒಂದು ಜಾಗ ಬೇಕು.