ಮಾಟಗಾತಿಯೆಂದು ಕೊಂದವನಿಗೆ ರಿಯಾಯಿತಿಯೇ?

ಗಂಭೀರವಾದ ಪ್ರಚೋದನೆಗೆ ಹಠಾತ್ತನೆ ಕೆರಳಿ, ಹಿಡಿತ ತಪ್ಪಿ ಒಬ್ಬನು ಇನ್ನೊಬ್ಬನನ್ನು ಕೊಂದರೆ ಕಾನೂನು ಅದನ್ನು ಕೊಲೆಗಿಂತ ಕೆಳಗಿನ ಅಪರಾಧವೆಂದು ಎಣಿಸುತ್ತದೆ. ಹಿಂದಿನ ದಂಡ ಸಂಹಿತೆಯ ೩೦೦ನೆಯ ಕಲಮಿನ ಈ ವಿನಾಯಿತಿ, ೨೦೨೪ರ ಜುಲೈಯಲ್ಲಿ ಜಾರಿಗೆ ಬಂದ ನ್ಯಾಯ ಸಂಹಿತೆಯ ೧೦೧ನೆಯ ಕಲಮಿನಲ್ಲಿಯೂ ಉಳಿದಿದೆ. ಹಾಗಾದರೆ “ನನ್ನ ಮಗುವಿಗೆ ಮಾಟ ಮಾಡಿದಳು, ಅದಕ್ಕೇ ಕಡಿದೆ” ಎನ್ನುವವನಿಗೂ ಇದು ಸಲ್ಲಬೇಕೇ? ಸಲ್ಲಕೂಡದೆಂದೇ ನಮ್ಮ ಅಭಿಪ್ರಾಯ.

ಈ ಪ್ರಶ್ನೆ ಪೂರ್ವ ಆಫ್ರಿಕದ ನ್ಯಾಯಾಲಯಗಳನ್ನು ಬಹುವಾಗಿ ಕಾಡಿತ್ತು. ಯುಗಾಂಡದಲ್ಲಿ, ಮೊದಲೇ ಮಾಟದ ಗುಮಾನಿಯಿದ್ದ ಮುದುಕನೊಬ್ಬ ರಾತ್ರಿ ಬತ್ತಲೆಯಾಗಿ ಮನೆಯಂಗಳದಲ್ಲಿ ತೆವಳುತ್ತ ಸಿಕ್ಕಿಬಿದ್ದ, ಕೊಂದುಬಿಟ್ಟರು. ೧೯೪೧ರಲ್ಲಿ ಮೇಲ್ಮನವಿ ನ್ಯಾಯಾಲಯವು ಅದನ್ನು ಪ್ರಚೋದನೆಯೆಂದು ಒಪ್ಪಿತು. ಆದರೆ ೧೯೫೧ರಲ್ಲಿ ಅದೇ ನ್ಯಾಯಾಲಯ ಹಗ್ಗ ಬಿಗಿಮಾಡಿತು: ಕಣ್ಣೆದುರಿಗೇ ಏನಾದರೂ ನಡೆದಿರಬೇಕು, ಸಿಟ್ಟು ಆ ಗಳಿಗೆಯದಾಗಿರಬೇಕು, ಬರಿಯ ನಂಬಿಕೆ, ಬರಿಯ ಹೆದರಿಕೆ ಸಾಲದು.

ನಮ್ಮಲ್ಲಿ ೧೯೫೮ರಲ್ಲಿ, ಒಡಿಶಾದ ರಾಸಗೋವಿಂದಪುರದ ಪಾಳು ವಿಮಾನ ನಿಲ್ದಾಣದಲ್ಲಿ ನೇಪಾಳಿ ಆಳೊಬ್ಬನು, ರಾತ್ರಿ ಲಾಂದ್ರ ಹಿಡಿದು ಹಿಪ್ಪೆ ಹೂವು ಆಯುತ್ತಿದ್ದ ಆದಿವಾಸಿ ಹೆಂಗಸರನ್ನು ದೆವ್ವಗಳೆಂದು ಭ್ರಮಿಸಿ ಕುಕ್ರಿ ಬೀಸಿದ. ಒಬ್ಬಳು ಸತ್ತಳು. ಹೈಕೋರ್ಟು ಅವನ ಬಿಡುಗಡೆಯನ್ನೇ ಎತ್ತಿಹಿಡಿಯಿತು. ಅವು ಮನುಷ್ಯರೆಂದೇ ಅವನಿಗೆ ತಿಳಿದಿರಲಿಲ್ಲ. ಮಾಟಗಾತಿಯೆಂದು ಕೊಲ್ಲುವವನ ಸಂಗತಿ ಬೇರೆ. ತಾನು ಕೊಲ್ಲುವುದು ನೆರೆಮನೆಯ ವಿಧವೆಯನ್ನೆಂದು ಅವನಿಗೆ ಚೆನ್ನಾಗಿ ಗೊತ್ತು. ಮಗುವಿಗೆ ಜ್ವರ ಬಂತು, ಮಂತ್ರವಾದಿಯ ಬಳಿಗೆ ಹೋದ, ಅವನು ಹೆಸರು ಹೇಳಿದ, ನಾಲ್ಕು ಜನ ಕೂಡಿದರು, ಕೊಡಲಿ ಮಸೆದರು. ಅಷ್ಟರಲ್ಲಿ ಎಷ್ಟು ಹಗಲು, ಎಷ್ಟು ರಾತ್ರಿ ಕಳೆದವು! ಮುಂಬಯಿಯ ಹಳಬರಿಗೆ ನಾನಾವತಿ ಮೊಕದ್ದಮೆ ನೆನಪಿರಬಹುದು. ೧೯೬೧ರಲ್ಲಿ ಸುಪ್ರೀಂ ಕೋರ್ಟು, ಸಿಟ್ಟು ಇಳಿಯಲು ಮೂರು ತಾಸು ಸಾಕಿತ್ತೆಂದು ಹೇಳಿ ಆ ನೌಕಾದಳದ ಅಧಿಕಾರಿಗೆ ವಿನಾಯಿತಿ ನಿರಾಕರಿಸಿತು.

ಆದರೆ, ಆರೋಪಿಯ ವರ್ಗದ ವಿವೇಕಿಯಾದ ಮನುಷ್ಯನು ಅಂಥ ಸ್ಥಿತಿಯಲ್ಲಿ ಕೆರಳುತ್ತಿದ್ದನೇ ಎಂದು ನೋಡಬೇಕೆಂದೂ ಅದೇ ತೀರ್ಪು ಹೇಳಿದೆ. ವಕೀಲರಿಗೆ ನುಗ್ಗಲು ಸಂದಿ ಇರುವುದು ಇಲ್ಲಿಯೇ. “ಬಡವ, ಓದು ಬಾರದವ, ಅವನ ಜನಕ್ಕೆ ಇಷ್ಟೇ ತಿಳಿವಳಿಕೆ” ಎಂಬ ಮಾತು ಕೇಳಲು ದಯೆಯಂತಿದೆ. ಹೋಟೆಲಿನಲ್ಲಿ ಮೇಜು ಒರಸುವವನ ವಿವೇಕವನ್ನು ಸಣ್ಣ ಪಾವಿನಲ್ಲಿ ಅಳೆಯಿರಿ ಎಂದರೆ ನಾವು ಒಪ್ಪುತ್ತೇವೆಯೇ? ಸತ್ತವಳೂ ಅದೇ ಕೇರಿಯ ಬಡವಿಯಲ್ಲವೇ?

ಶಿಕ್ಷೆ ಗೊತ್ತುಮಾಡುವಾಗ ನೇಣಿನ ಬದಲು ಜೀವಾವಧಿ ಕೊಡಲಿ, ನಮ್ಮ ತಕರಾರಿಲ್ಲ. ಹೆಸರು ಹೇಳಿದ ಮಂತ್ರವಾದಿ ಎಲ್ಲಿ ಎಂಬುದೇ ನಮ್ಮ ಪ್ರಶ್ನೆ. ದಾಭೋಲ್ಕರರ ಹತ್ಯೆಯಾದ ೨೦೧೩ರಲ್ಲಿ ಮಹಾರಾಷ್ಟ್ರವೂ ೨೦೧೭ರಲ್ಲಿ ಕರ್ನಾಟಕವೂ ಕಾಯಿದೆ ಮಾಡಿದವು. ಅವಕ್ಕೂ ಮೊದಲಿನದು ಬಿಹಾರದ ೧೯೯೯ರ ಕಾಯಿದೆ. ಅದರಲ್ಲಿ ಒಬ್ಬಳನ್ನು ಮಾಟಗಾತಿಯೆಂದು ಗುರುತಿಸಿದವನಿಗೆ ಗೊತ್ತುಮಾಡಿದ ಶಿಕ್ಷೆ ಹೆಚ್ಚೆಂದರೆ ಮೂರು ತಿಂಗಳ ಸೆರೆ, ಸಾವಿರ ರೂಪಾಯಿ ದಂಡ. ಇಂಥ ಕಲಮುಗಳನ್ನು ಮೊದಲು ಬಿಗಿಮಾಡಬೇಕು. ಹೆಣ ಬಿದ್ದ ಮೊಕದ್ದಮೆಯಲ್ಲಿ, ಕೊಡಲಿ ಹಿಡಿದವನ ಪಕ್ಕದಲ್ಲಿ ಹೆಸರು ಹೇಳಿದವನನ್ನೂ ನಿಲ್ಲಿಸಬೇಕು.