ಅಳಿದ ಯಂತ್ರ, ಉಳಿದ ದನಿ

ಯಶವಂತಪುರದಿಂದ ನಮ್ಮ ಮಾಕಳಿಯತ್ತ ಬರುವ ತುಮಕೂರು ರಸ್ತೆಯ ಲಾರಿಗಳ ಗದ್ದಲವನ್ನೂ ಕಾರ್ಖಾನೆಗಳ ಸಾಲನ್ನೂ ಕಾಣದವರಿಲ್ಲ. ಆದರೆ ಈ ರಸ್ತೆಯ ಆಸುಪಾಸಿನ ವಿದ್ವಾಂಸರ ಕನಸಿನಿಂದ ಒಂದು ಪುಟ್ಟ ಗಣಕಯಂತ್ರ ಹುಟ್ಟಿ, ಬೆಳೆಯುವ ಮುನ್ನವೇ ಕಣ್ಮರೆಯಾಯಿತೆಂಬುದನ್ನು ಬಲ್ಲವರು ವಿರಳ. ಅದರ ಹೆಸರು ಸಿಂಪ್ಯೂಟರ್. ಮಕ್ಕಳಿಗೆ ಗಣಕವನ್ನು ಕೊಡಿಸುವ ಯೋಚನೆಯಲ್ಲಿರುವ ತಂದೆತಾಯಿಗಳು ಅದರ ಕಥೆಯನ್ನು ಒಮ್ಮೆ ಕೇಳುವುದು ಲೇಸು.

ರಸ್ತೆಯ ನಗರದ ತುದಿಗೆ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿನ ಅಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಬೆಂಗಳೂರಿನ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಕೂಡಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟನ್ನು ಸ್ಥಾಪಿಸಿದರು. ಓದುಬರಹ ಬಾರದವನೂ ಬಳಸಬಲ್ಲ, ಸುಮಾರು 9,000 ರೂಪಾಯಿಗೆ ದೊರೆಯುವ, ಅಂಗೈಯಲ್ಲಿ ಹಿಡಿಯುವಂಥ ಗಣಕ ಅವರ ಗುರಿ. ಕೀಲಿಮಣೆಯ ಗೊಡವೆಯಿಲ್ಲ, ಕಡ್ಡಿಯಿಂದ ಪರದೆಯನ್ನು ಮುಟ್ಟಿದರೆ ಸಾಕು. ಊರಿಗೊಂದೇ ಯಂತ್ರವಿದ್ದರೂ ಎಲ್ಲರೂ ಹಂಚಿಕೊಳ್ಳಲೆಂದು, ಒಬ್ಬೊಬ್ಬರ ವಿವರವೂ ಅವರವರ ಸ್ಮಾರ್ಟ್ ಕಾರ್ಡಿನಲ್ಲಿ ಉಳಿಯುವ ಏರ್ಪಾಡು. ಬರೆದುದನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ಸೌಕರ್ಯವೂ ಉಂಟು.

ಆ ಯಂತ್ರವನ್ನು ನಡೆಸುತ್ತಿದ್ದುದು ಲಿನಕ್ಸ್. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್‌ಲೆಂಡಿನ ವಿದ್ಯಾರ್ಥಿ ಬರೆಯತೊಡಗಿದ ತಂತ್ರಾಂಶವಿದು. ಯಾರು ಬೇಕಾದರೂ ಇದನ್ನು ಪಡೆಯಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಇತರರಿಗೆ ಹಂಚಬಹುದು. ಲಿನಕ್ಸ್ ತಿರುಳು ಮಾತ್ರ. ದಿನಬಳಕೆಗೆ ಬೇಕಾದ ಇತರ ತಂತ್ರಾಂಶಗಳನ್ನು ಅದರೊಡನೆ ಜೋಡಿಸಿ ಕೊಡುವ ಕಟ್ಟಿಗೆ ‘ವಿತರಣೆ’ ಎಂದು ಹೆಸರು. 1993ರಲ್ಲಿ ಆರಂಭವಾದ ಡೆಬಿಯನ್ ಅಂತಹದೊಂದು ವಿತರಣೆ.

ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 2004ರಲ್ಲಿ ‘ಅಮಿಡ’ ಎಂಬ ಹೆಸರಿನ ಸಿಂಪ್ಯೂಟರನ್ನು ತಯಾರಿಸಿ ಮಾರುಕಟ್ಟೆಗೆ ತಂದಿತು. ಕರ್ನಾಟಕ ಸರ್ಕಾರ ಭೂದಾಖಲೆಯ ಕೆಲಸಕ್ಕೂ ಸಿಂಪ್ಯೂಟರನ್ನು ಬಳಸಿತು. ಆದರೇನು? 50,000 ಮಾರಾಟವಾದೀತೆಂಬ ನಿರೀಕ್ಷೆಯಿದ್ದಲ್ಲಿ 2005ರ ವೇಳೆಗೆ ಹೋದುದು ಸುಮಾರು 4,000 ಮಾತ್ರ. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗಿ ಹಳ್ಳಿಹಳ್ಳಿಗೂ ನುಗ್ಗುತ್ತಿತ್ತು.

ಯಂತ್ರ ಅಳಿಯಿತು, ಅದರ ದನಿ ಅಳಿಯಲಿಲ್ಲ. ರಮೇಶ್ ಹರಿಹರನ್ ಅವರು ಸಿಂಪ್ಯೂಟರಿಗಾಗಿ ರೂಪಿಸಿದ, ಬರಹವನ್ನು ಮಾತಾಗಿಸುವ ‘ಧ್ವನಿ’ ಎಂಬ ತಂತ್ರಾಂಶ ಮುಕ್ತವಾಗಿದ್ದಿತು. ಆದುದರಿಂದಲೇ ಕೇರಳದ ಸಂತೋಷ್ ತೋಟ್ಟಿಂಗಲ್ ಅದನ್ನು ಕೈಗೆತ್ತಿಕೊಂಡು ಇನ್ನೂ ಹಲವು ಭಾರತೀಯ ಭಾಷೆಗಳಿಗೆ ವಿಸ್ತರಿಸುವುದು ಸಾಧ್ಯವಾಯಿತು. ಬೀಗಮುದ್ರೆಯೊತ್ತಿದ ತಂತ್ರಾಂಶವಾಗಿದ್ದರೆ ಯಂತ್ರದೊಡನೆ ಅದೂ ಮಣ್ಣುಗೂಡುತ್ತಿತ್ತು.

ಇಂದು ಅದೇ ಬಗೆಯ ಪುಟ್ಟ ಗಣಕ ಬೇರೊಂದು ರೂಪದಲ್ಲಿ ನಮ್ಮ ಮುಂದಿದೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮಕ್ಕಳ ಕಲಿಕೆಗೆಂದು ಸಿದ್ಧವಾದ ರಾಸ್‌ಬೆರಿ ಪೈ 2012ರಲ್ಲಿ 35 ಡಾಲರಿಗೆ ಹೊರಬಂದಿತು. ಇಸ್ಪೀಟಿನ ಎಲೆಗಿಂತ ಅಷ್ಟೇನೂ ದೊಡ್ಡದಲ್ಲದ ಒಂದೇ ಫಲಕದಲ್ಲಿ ಇಡೀ ಗಣಕ ಅಡಗಿದೆ. ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡಿಗೆ ಡೆಬಿಯನ್ನಿನಿಂದಲೇ ರೂಪುಗೊಂಡ ಲಿನಕ್ಸ್ ವಿತರಣೆಯನ್ನು ತುಂಬಿ ಸಿಕ್ಕಿಸಿ, ಮನೆಯ ಟಿ.ವಿ.ಗೆ ತಂತಿ ಜೋಡಿಸಿದರೆ ಕೆಲಸ ಆರಂಭ. ಕಾರ್ಡು ಕೆಟ್ಟಿತೆಂದರೆ ಹೊಸದಾಗಿ ತುಂಬಬಹುದು. ಹುಡುಗರು ಏನನ್ನಾದರೂ ಕೆಡಿಸಿಯಾರೆಂಬ ಅಂಜಿಕೆ ಬೇಡ.

ಆದರೆ ಕೊಳ್ಳುವ ಮುನ್ನ ಕೆಲವು ಮಾತುಗಳನ್ನು ಮನಸ್ಸಿನಲ್ಲಿಡಬೇಕು. ಫಲಕದ ಬೆಲೆಯೇ ಪೂರ್ತಿ ವೆಚ್ಚವಲ್ಲ. ವಿದ್ಯುತ್ ಅಡಾಪ್ಟರು, ಕಾರ್ಡು, ಕೀಲಿಮಣೆ, ಮೌಸುಗಳನ್ನು ಪ್ರತ್ಯೇಕವಾಗಿ ತರಬೇಕು. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಾರ್ಡಿನಲ್ಲಿರುವ ಕಡತಗಳು ಕೆಡುವ ಸಂಭವವುಂಟು. ಕೆಲಸ ಮುಗಿದ ಬಳಿಕ ಸ್ವಿಚ್ಚನ್ನು ಥಟ್ಟನೆ ಆರಿಸದೆ ಕ್ರಮವಾಗಿ ಮುಚ್ಚುವುದನ್ನು ಮಕ್ಕಳಿಗೆ ಮೊದಲ ದಿನವೇ ಕಲಿಸಬೇಕು. ಇದರ ಸಂಸ್ಕಾರಕದ ಜಾತಿಯೇ ಬೇರೆಯಾದುದರಿಂದ, ಸಾಮಾನ್ಯ ಗಣಕದ ವಿಂಡೋಸ್ ತಂತ್ರಾಂಶಗಳು ಇದರಲ್ಲಿ ಹಾಗೆಯೇ ನಡೆಯವು.

ಇನ್ನು ಕನ್ನಡದ ಮಾತು. ಡೆಬಿಯನ್ನಿನಲ್ಲಿ ‘ಗುಬ್ಬಿ’, ‘ನವಿಲು’ ಎಂಬ ಕನ್ನಡ ಅಕ್ಷರಶೈಲಿಗಳಿವೆ, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಬರೆಯಬಹುದು. ‘ಇಸ್ಪೀಕ್’ ಎಂಬ ತಂತ್ರಾಂಶ ತುಸು ಒರಟು ದನಿಯಲ್ಲಾದರೂ ಕನ್ನಡವನ್ನು ಓದುತ್ತದೆ. ಆದರೆ ಲಿನಕ್ಸಿನ ಮೂಲ ಆದೇಶಗಳನ್ನು ಬರೆಯುವ ಕಪ್ಪು ಪರದೆಯಲ್ಲಿ ನಮ್ಮ ಒತ್ತಕ್ಷರಗಳು ಇಂದಿಗೂ ಸರಿಯಾಗಿ ಮೂಡವು. ಮಾರುಕಟ್ಟೆ ಇದನ್ನು ಸರಿಪಡಿಸಿಕೊಡುವುದೆಂದು ಕಾದು ಕುಳಿತರೆ ಪ್ರಯೋಜನ ಕಾಣದು. ಈವರೆಗೆ ಆಗಿರುವ ಕೆಲಸದಲ್ಲಿ ಬಹುಪಾಲು ಆಸಕ್ತರು ತಮ್ಮ ಬಿಡುವಿನಲ್ಲಿ ಮಾಡಿದುದೇ.

ಮಾಕಳಿ, ಮಾದನಾಯಕನಹಳ್ಳಿಗಳ ಎಷ್ಟೋ ಮನೆಗಳಲ್ಲಿ ತಂದೆ ಪಾಳಿಯ ಮೇಲೆ ದುಡಿದು, ತಿಂಗಳ ಸಂಬಳದಲ್ಲಿ ಉಳಿಸಿ ಮಕ್ಕಳಿಗೆ ಗಣಕವನ್ನು ತರುತ್ತಾನೆ. ಆ ಹಣಕ್ಕೆ ತಕ್ಕ ಫಲ ಬೇಕಷ್ಟೆ? ಅಂಗಡಿಯಲ್ಲಿ ವೇಗವೆಷ್ಟು, ಬೆಲೆಯೆಷ್ಟು ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಿರಿ: ಇದರೊಳಗಿನದನ್ನು ನನ್ನ ಮಗಳು ಬಿಚ್ಚಿ ನೋಡಬಹುದೆ? ಹೌದೆಂದಾದರೆ, ಆ ಫಲಕ ಎಂದೋ ಮೂಲೆಗೆ ಸೇರಿದರೂ ಅದರಲ್ಲಿ ಅವಳು ಕಲಿತುದು ಮತ್ತೊಂದು ಯಂತ್ರದಲ್ಲಿ ಕೆಲಸಕ್ಕೆ ಬರುತ್ತದೆ. ಕನ್ನಡದ ಒಂದು ಒತ್ತಕ್ಷರವನ್ನು ಅವಳೇ ಸರಿಪಡಿಸಿದರೂ ಆಶ್ಚರ್ಯವಿಲ್ಲ.