ಲಸಿಕೆಯ ಮಾತು ನಮ್ಮ ಮಕ್ಕಳ ಬಾಯಲ್ಲೇ ಬರಲಿ



ದಾಬೋಲಿಮ್ ಹಾಗೂ ಸುತ್ತಲಿನ ಕನ್ನಡ ಶಾಲೆಗಳ ಮಕ್ಕಳಲ್ಲಿ ಅನೇಕರು ಹತ್ತನೆಯ ತರಗತಿಯ ನಂತರ ಕಲೆ, ವಾಣಿಜ್ಯ ಅಥವಾ ಐ.ಟಿ.ಐ. ಸೇರುತ್ತಾರೆ. ವಿಜ್ಞಾನದ ಓದು ಅಲ್ಲಿಗೆ ಮುಗಿಯುತ್ತದೆ. ಆದರೆ ಮುಂದೆ ತಮ್ಮ ಕೂಸಿಗೆ ಲಸಿಕೆ ಹಾಕಿಸಬೇಕೋ ಬೇಡವೋ ಎಂದು ನಿರ್ಧರಿಸುವವರು ಇವರೇ. ಆದ್ದರಿಂದ ಶಾಲೆ ಬಿಡುವ ಮೊದಲೇ ಅವರಿಗೆ ಲಸಿಕೆಯ ತಿಳಿವಳಿಕೆ ಸಿಗಬೇಕು. ಅದಕ್ಕೊಂದು ಸುಲಭ ದಾರಿಯಿದೆ. ಮಕ್ಕಳೇ ಕನ್ನಡದಲ್ಲಿ ಐದು ನಿಮಿಷದ ಧ್ವನಿ ಕಾರ್ಯಕ್ರಮ, ಅಂದರೆ ಈಗಿನವರು ಹೇಳುವ ಪಾಡ್‌ಕಾಸ್ಟ್, ತಯಾರಿಸಲಿ.

ಇದರ ಅಗತ್ಯವೇನು ಎಂದು ಕೇಳುವಿರಾ? 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಗೋವಾ, ಕರ್ನಾಟಕ, ತಮಿಳುನಾಡು, ಪುದುಚೇರಿ, ಲಕ್ಷದ್ವೀಪಗಳಲ್ಲಿ ಮೊದಲು ಆರಂಭವಾಯಿತು. 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗಾಗಿ ನಡೆದ ಈ ಅಭಿಯಾನದಲ್ಲಿ ಶಾಲೆಗಳಲ್ಲಿಯೂ ಲಸಿಕೆ ಹಾಕಿದರು. ಆಗ ಕರ್ನಾಟಕ, ತಮಿಳುನಾಡುಗಳಲ್ಲಿ ವಾಟ್ಸ್‌ಆ್ಯಪ್ ಮೂಲಕ ಸುಳ್ಳು ಸುದ್ದಿ ಹಬ್ಬಿ, ಎಷ್ಟೋ ಪಾಲಕರು ಹಿಂಜರಿದರು. ಇಂಥ ಸುದ್ದಿ ನಮಗೆ ಊರಿನಿಂದ ಕನ್ನಡದಲ್ಲೇ, ಪರಿಚಿತರ ಧ್ವನಿಯಲ್ಲೇ ಬರುತ್ತದೆ. ಅದಕ್ಕೆ ಇಲ್ಲಿ ಸಿಗುವ ಉತ್ತರ ಬಹುಮಟ್ಟಿಗೆ ಕೊಂಕಣಿ, ಮರಾಠಿ ಇಲ್ಲವೇ ಇಂಗ್ಲಿಷಿನಲ್ಲಿರುತ್ತದೆ. ಸುಳ್ಳು ಮಾತೃಭಾಷೆಯಲ್ಲಿಯೂ ಸತ್ಯ ಪರಭಾಷೆಯಲ್ಲಿಯೂ ಬಂದರೆ ನಾವು ಯಾವುದನ್ನು ನಂಬುತ್ತೇವೆ?

ಕೆಲಸದ ರೀತಿ ಸರಳ. ಮನೆಯಲ್ಲಿ ಕೇಳಿಬರುವ ಒಂದು ಪ್ರಶ್ನೆಯನ್ನು ಮಗು ತರಬೇಕು. ಉದಾಹರಣೆಗೆ: “ದಡಾರದ ಲಸಿಕೆ ಒಮ್ಮೆ ಹಾಕಿಸಿದ ಮೇಲೆ ಮತ್ತೊಮ್ಮೆ ಏಕೆ?” ಉತ್ತರವನ್ನು ಮಗುವೇ ಹುಡುಕಿ ತನ್ನ ಮಾತಿನಲ್ಲಿ ಹೇಳಬೇಕು. 9 ತಿಂಗಳಿಗೆ ಕೊಡುವ ಮೊದಲ ಡೋಸಿನಿಂದ ನೂರರಲ್ಲಿ ಸುಮಾರು 85 ಮಕ್ಕಳಿಗೆ ಮಾತ್ರ ರಕ್ಷಣೆ ದೊರೆಯುತ್ತದೆ. ಉಳಿದವರಿಗಾಗಿ 16ರಿಂದ 24 ತಿಂಗಳೊಳಗೆ ಎರಡನೆಯ ಡೋಸು. ದಡಾರ ಗಾಳಿಯಲ್ಲಿ ಹರಡುವ ರೋಗವಾದ್ದರಿಂದ ನೂರರಲ್ಲಿ 95 ಮಕ್ಕಳಿಗಾದರೂ ಎರಡೂ ಡೋಸು ಆಗಿರಬೇಕು. ಲಸಿಕೆಯ ನಂತರ ಕೆಲವರಿಗೆ ಸಣ್ಣ ಜ್ವರ ಬರುವುದುಂಟು. ಅದನ್ನೂ ಮುಚ್ಚಿಡದೆ ಹೇಳಬೇಕು. ಆರೋಗ್ಯ ಕೇಂದ್ರದ ಡಾಕ್ಟರು ಅಥವಾ ನರ್ಸು ತಪ್ಪಿಲ್ಲವೆಂದು ಒಪ್ಪಿದ ಮೇಲೆಯೇ ಧ್ವನಿಮುದ್ರಣವಾಗಬೇಕು. ಕಂಠಪಾಠ ಮಾಡಿದ್ದು ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ. ಅವ್ವನಿಗೆ ತಿಳಿಯುವಂತೆ ಹೇಳಬೇಕಾದರೆ ಮೊದಲು ತನಗೆ ತಿಳಿದಿರಬೇಕಲ್ಲವೇ?

ಅಜ್ಜ ಅಜ್ಜಿಯರನ್ನೂ ಮಾತನಾಡಿಸಲಿ. ಅವರ ತೋಳಿನ ಮೇಲಿನ ಕಲೆಯನ್ನು ತೋರಿಸಿ ‘ದೇವಿ ಹಾಕಿಸಿದ್ದು’ ಎನ್ನುತ್ತಾರೆ. ಆ ಸಿಡುಬು 1975ರ ನಂತರ ನಮ್ಮ ದೇಶದಲ್ಲಿ ಮನೆಮಾಡಲಿಲ್ಲ. 1980ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು. ಇದಕ್ಕಿಂತ ಒಳ್ಳೆಯ ಪಾಠ ಯಾವ ಪುಸ್ತಕದಲ್ಲಿದೆ?

“ಮೊಬೈಲು ಕೊಟ್ಟರೆ ಹುಡುಗರು ಕೆಡುತ್ತಾರೆ” ಎಂಬ ನಿಮ್ಮ ಆತಂಕ ನ್ಯಾಯವಾದದ್ದೇ. ಇಡೀ ತರಗತಿಗೆ ಒಂದು ಫೋನು ಸಾಕು, ಅದೂ ಶಿಕ್ಷಕರ ಕೈಯಲ್ಲಿ. ಧ್ವನಿಮುದ್ರಣದಲ್ಲಿ ಯಾವ ಮನೆಯವರ ಹೆಸರೂ ಬರಕೂಡದು.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆ ಸೌಲಭ್ಯವನ್ನು ನಾವು ಕೇಳಲೇಬೇಕು. ಆದರೆ ಕನ್ನಡ ಬರೀ ಪದ್ಯ ಪಾಠಕ್ಕೆ, ರಾಜ್ಯೋತ್ಸವದ ಭಾಷಣಕ್ಕೆ ಮೀಸಲಾದರೆ ಆ ಹಕ್ಕಿನ ಫಲ ಅರ್ಧವೇ. ಕೂಸಿನ ಆರೋಗ್ಯದ ಮಾತನ್ನೂ ಆಡಬಲ್ಲ ಭಾಷೆ ಉಳಿಯುತ್ತದೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಸುಗ್ಗಿಗೋ ಜಾತ್ರೆಗೋ ಊರಿಗೆ ಹೋದಾಗ ಪೆಟ್ಟಿಗೆಯಲ್ಲಿರುವ ತಾಯಿ ಕಾರ್ಡನ್ನು ಮರೆಯದೆ ತನ್ನಿರಿ. ಯಾವ ಡೋಸು ಬಾಕಿಯಿದೆ ಎಂಬುದನ್ನು ಮಗುವೇ ಓದಿ ಹೇಳಲಿ. ಮಕ್ಕಳ ಕಾರ್ಯಕ್ರಮವನ್ನು ರಾತ್ರಿ ಊಟದ ಹೊತ್ತಿಗೆ ಕುಳಿತು ಕೇಳಿರಿ. ಸಂಶಯವಿದ್ದರೆ ಸಂಕೋಚಪಡದೆ ಕೇಳಿರಿ. ನಿಮ್ಮ ಆ ಪ್ರಶ್ನೆಯೇ ಮಕ್ಕಳಿಗೆ ಮುಂದಿನ ಪಾಠವಾಗಲಿ.